ಪೀಡೆ ಪ್ರಾಣಿಯ ತುಪ್ಪಳ: ಮೈಮೇಲೆ ಹಾಕಬಹುದೇ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಹೋದ ಸಂಚಿಕೆಯಲ್ಲಿ ಕಂಬಳಿ, ಶಾಲುಗಳ ಬಗ್ಗೆ ಬರೆದ ಮೇಲೆ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ತುಪ್ಪಳದ ಸುತ್ತಲೇ ಇದ್ದವು. ಉಣ್ಣೆ ಕತ್ತರಿಸಿದರೆ ಕುರಿ ಎದ್ದು ಮೇಯಲು ಹೋಗುತ್ತದೆ. ತುಪ್ಪಳಕ್ಕೆ ಪ್ರಾಣಿ ಸಾಯಬೇಕು. ಆದರೆ ಆ ಪ್ರಾಣಿ ಬೇರೆ ದೇಶದಿಂದ ಬಂದು ಕಾಡನ್ನೇ ತಿಂದು ಹಾಕುತ್ತಿದ್ದರೆ, ಹೇಗಿದ್ದರೂ ಕೊಲ್ಲಲೇಬೇಕಾಗಿದ್ದರೆ? ಈ ಸಲ ಅಂಥವನ್ನೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಆಕ್ಲೆಂಡ್‌ನಲ್ಲಿರುವ ಮಗಳು ಒಂದು ಸ್ಕಾರ್ಫ್ ಕಳಿಸಿದ್ದಾಳೆ. ಚೀಟಿಯಲ್ಲಿ ಮೆರಿನೊ ಉಣ್ಣೆ 60, ಪಾಸಮ್ ತುಪ್ಪಳ 30, ರೇಷ್ಮೆ 10 ಪರ್ಸೆಂಟ್ ಅಂತಿದೆ. ಪಾಸಮ್ ಅಂದ್ರೆ ಪ್ರಾಣಿ ಅಂತ ಗೊತ್ತಾದ ಮೇಲೆ ನಮ್ಮತ್ತೆ "ಅದನ್ನ ದೇವರ ಕೋಣೆ ಕಡೆ ತರಬೇಡ" ಅಂದುಬಿಟ್ಟರು. ನಾವು ಮಾಂಸ ತಿನ್ನೋರಲ್ಲ. "ಇಲ್ಲಿ ಅದು ಪೀಡೆ ಅಮ್ಮಾ, ಸರ್ಕಾರವೇ ಕೊಲ್ಲಿಸುತ್ತೆ" ಅಂತಾಳೆ ಮಗಳು. ಯಾರ ಮಾತು ಸರಿ?
– ಶ. ಗೌ., ವಿದ್ಯಾನಗರ, ದಾವಣಗೆರೆ

ಉತ್ತರ: ಮಗಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಪಾಸಮ್ ಅಂದರೆ ಬೆಕ್ಕಿನ ಗಾತ್ರದ, ಪೊದೆಬಾಲದ, ಕಾಂಗರೂವಿನಂತೆ ಹೊಟ್ಟೆಚೀಲದಲ್ಲಿ ಮರಿ ಸಾಕುವ ಪ್ರಾಣಿ. ಹುಟ್ಟೂರು ಆಸ್ಟ್ರೇಲಿಯಾ. ನ್ಯೂಜಿಲೆಂಡಿನಲ್ಲಿ ಮೂಲದಲ್ಲಿ ಬಾವಲಿ ಬಿಟ್ಟರೆ ನೆಲದ ಸಸ್ತನಿಯೇ ಇರಲಿಲ್ಲ. ಅಲ್ಲಿಗೆ ಬಿಳಿಯರು ತುಪ್ಪಳದ ವ್ಯಾಪಾರಕ್ಕೆಂದು 1837ರಲ್ಲಿ ಪಾಸಮ್ ತಂದುಬಿಟ್ಟರು. ಅದು ನೆಲೆ ಹಿಡಿದದ್ದು 1858ರ ಪ್ರಯತ್ನದಲ್ಲಿ. 1980ರ ದಶಕದ ಹೊತ್ತಿಗೆ ಆರೇಳು ಕೋಟಿ ಆಗಿದ್ದವು ಎಂಬ ಅಂದಾಜಿದೆ. ರಾತಾ, ಪೊಹುಟುಕಾವಾ ಎಂಬ ಅಲ್ಲಿನ ಮರಗಳ ಎಳೆ ಚಿಗುರೆಂದರೆ ಅದಕ್ಕೆ ಪ್ರಾಣ. ಒಂದೇ ಮರಕ್ಕೆ ರಾತ್ರಿ ರಾತ್ರಿ ಹತ್ತಿ ಬೋಳಿಸಿ ಒಣಗಿಸಿಬಿಡುತ್ತದೆ. ಸೊಪ್ಪು ತಿನ್ನುವ ಸಾಧು ಪ್ರಾಣಿ ಎಂದು ಬಹುಕಾಲ ನಂಬಿದ್ದರು. 1993ರಲ್ಲಿ ಕೊಕಾಕೊ ಎಂಬ ಹಕ್ಕಿಯ ಗೂಡಿಗೆ ಕ್ಯಾಮೆರಾ ಇಟ್ಟಾಗ ಮೊಟ್ಟೆ, ಮರಿಗಳನ್ನು ತಿನ್ನುತ್ತಿದ್ದುದು ಸಿಕ್ಕಿಬಿತ್ತು. ಇದರ ಮೇಲೆ ದನಗಳಿಗೆ ಕ್ಷಯ ಹರಡುತ್ತದೆ. 2050ರೊಳಗೆ ಪಾಸಮ್, ಇಲಿ, ಮುಂಗುಸಿಯಂಥ ಸ್ಟೋಟ್ ಮುಂತಾದವನ್ನು ದೇಶದಿಂದಲೇ ಇಲ್ಲವಾಗಿಸುವುದಾಗಿ ಅಲ್ಲಿನ ಸರ್ಕಾರ 2016ರಲ್ಲಿ ಘೋಷಿಸಿದೆ. ಇದೇ ಪಾಸಮ್ ಆಸ್ಟ್ರೇಲಿಯಾದಲ್ಲಿ ಕಾನೂನಿನ ರಕ್ಷಣೆ ಇರುವ ಪ್ರಾಣಿ ಎಂಬುದನ್ನೂ ನೆನಪಿಡಿ. ಪೀಡೆ ಎನ್ನುವುದು ಪ್ರಾಣಿಯ ಗುಣವಲ್ಲ, ಅದು ನಿಂತ ನೆಲದ ಲೆಕ್ಕ.

ಆದರೆ "ಸರ್ಕಾರ ಕೊಲ್ಲಿಸಿದ್ದು" ಎಂಬ ಮಾತು ನಿಮ್ಮ ಸ್ಕಾರ್ಫಿಗೆ ಬಹುಮಟ್ಟಿಗೆ ಹೊಂದುವುದಿಲ್ಲ. ಸರ್ಕಾರ ದುರ್ಗಮ ಕಾಡಿಗೆ ಹೆಲಿಕಾಪ್ಟರಿನಿಂದ 1080 ಎಂಬ ವಿಷ (ಸೋಡಿಯಂ ಫ್ಲೋರೊ ಅಸಿಟೇಟ್) ಬೆರೆಸಿದ ತುತ್ತು ಚೆಲ್ಲಿಸುತ್ತದೆ. ಅದನ್ನು ತಿಂದದ್ದು ಗಂಟೆಗಟ್ಟಲೆ ನರಳಿ ಎಲ್ಲೋ ಸತ್ತು ಅಲ್ಲೇ ಕೊಳೆಯುತ್ತದೆ. ಅದರ ತುಪ್ಪಳ ಯಾರಿಗೂ ಸಿಗುವುದಿಲ್ಲ. ನೂಲಿಗೆ ಹೋಗುವ ತುಪ್ಪಳ ಬರುವುದು ದಾರಿ ಹತ್ತಿರದ ಕಾಡು, ಹೊಲಗಳಂಚಿನಲ್ಲಿ ಹಿಡಿಯುವ ಬೇಟೆಗಾರರಿಂದ. ಅವರದು ಮುಖ್ಯವಾಗಿ ಎರಡು ದಾರಿ. ಒಂದು, ಕಾಲು ಕಚ್ಚಿ ಹಿಡಿಯುವ ಕಬ್ಬಿಣದ ಬೋನು. ಪ್ರಾಣಿ ರಾತ್ರಿಯೆಲ್ಲ ಜೀವಂತ ಸಿಕ್ಕಿಕೊಂಡಿರುತ್ತದೆ. ಸೂರ್ಯ ಹುಟ್ಟಿದ 12 ಗಂಟೆಯೊಳಗೆ ಬಂದು ನೋಡಲೇಬೇಕೆಂದು ಅಲ್ಲಿನ 1999ರ ಪ್ರಾಣಿ ಕಲ್ಯಾಣ ಕಾಯ್ದೆ ಹೇಳುತ್ತದೆ. ಬಂದವನು ತಲೆಗೆ ಹೊಡೆದು ಕೊಲ್ಲುತ್ತಾನೆ. ಇನ್ನೊಂದು, ಸಯನೈಡ್ ಗುಳಿಗೆ. ಕಚ್ಚಿದ ಕೆಲವೇ ನಿಮಿಷಕ್ಕೆ ಪ್ರಜ್ಞೆ ತಪ್ಪಿ, ತುತ್ತು ಇಟ್ಟ ಜಾಗದ ಪಕ್ಕದಲ್ಲೇ ಬಿದ್ದಿರುತ್ತದೆ. ಬೋನಾಗಲಿ ಗುಳಿಗೆಯಾಗಲಿ, ಕೂದಲನ್ನು ಮೈ ಬಿಸಿಯಿರುವಾಗಲೇ ಕೀಳಬೇಕು. ಬಿಸಿಯಲ್ಲಿ ಬಾಳೆಸಿಪ್ಪೆ ಸುಲಿದಂತೆ ಹಿಡಿ ಹಿಡಿಯಾಗಿ ಬರುತ್ತದೆ. ತಣ್ಣಗಾಗಿ ಸೆಟೆದ ಮೇಲೆ ಕಿತ್ತರೆ ಚರ್ಮವೂ ಹರಿದು ಬಂದು ನೂಲಿಗೆ ಕೆಡುತ್ತದೆ. ಹೆಣ್ಣಿನ ಚೀಲದಲ್ಲಿ ಮರಿ ಇದ್ದರೆ ಅದರ ಕಥೆಯೂ ಅಲ್ಲಿಗೆ ಮುಗಿದಂತೆ. ಯಾವ ಚೀಟಿಯ ಮೇಲೂ ಇದನ್ನು ಬರೆಯುವುದಿಲ್ಲ.

ಈಗ ಲೆಕ್ಕ. ಒಂದು ಕಿಲೋ ತುಪ್ಪಳಕ್ಕೆ ಸುಮಾರು ಹದಿನೈದು ಪಾಸಮ್ ಬೇಕು, ಅಂದರೆ ಒಂದರಿಂದ 65 ಗ್ರಾಂ ಆಸುಪಾಸು. ನಿಮ್ಮ ಸ್ಕಾರ್ಫ್ 100 ಗ್ರಾಂ ತೂಗಿದರೆ ಅದರಲ್ಲಿ ಪಾಸಮ್ 30 ಗ್ರಾಂ, ಹತ್ತಿರಹತ್ತಿರ ಅರ್ಧ ಪ್ರಾಣಿ. ಉಳಿದದ್ದನ್ನೂ ಎಣಿಸಿಬಿಡೋಣ. ರೇಷ್ಮೆ 10 ಗ್ರಾಂ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರೇಳು ಕಿಲೋ ಗೂಡು, ಗೂಡೊಂದು ಒಂದೂವರೆಯಿಂದ ಎರಡು ಗ್ರಾಂ. ಅಂದರೆ ಆ 10 ಗ್ರಾಂ ಎಳೆಗೆ ಮೂವತ್ತೈದು ನಲವತ್ತು ಹುಳುಗಳು ಕುದಿನೀರಿಗೆ ಬಿದ್ದಿವೆ. ಅರ್ಧ ಕಿಲೋ ತೂಕದ ಮದುವೆ ಸೀರೆಗೆ ಹೆಚ್ಚುಕಡಿಮೆ ಎರಡು ಸಾವಿರ. ಅದನ್ನು ದೇವರ ಕೋಣೆಗೆ ಮಡಿ ಎಂದು ಉಟ್ಟುಕೊಂಡೇ ಹೋಗುತ್ತೇವೆ. ಅತ್ತೆಯವರನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಅವರ ಮಾತು ನಿಂತಿರುವುದು ಮಡಿಯ ಮೇಲೆ, ಮಗಳ ಮಾತು ನಿಂತಿರುವುದು ಕಾಡಿನ ಮೇಲೆ. ಒಂದನ್ನು ಇನ್ನೊಂದರಿಂದ ಸೋಲಿಸಲಾಗುವುದಿಲ್ಲ. ದೇವರ ಕೋಣೆ ಅವರದು, ಹೊರಗಿಟ್ಟುಬಿಡಿ.

ಉಳಿದಂತೆ ಹೊದೆಯಿರಿ. ನಮ್ಮ ದೃಷ್ಟಿಯಲ್ಲಿ ತುಪ್ಪಳಗಳ ಪೈಕಿ ಅತಿ ಕಡಿಮೆ ಆಕ್ಷೇಪಣೆ ಇರುವುದು ಇದಕ್ಕೇ. ಇದಕ್ಕೆಂದು ಯಾರೂ ಪ್ರಾಣಿ ಸಾಕುತ್ತಿಲ್ಲ, ಒಂದು ಸತ್ತರೆ ಆ ಕಾಡಿಗೆ ಅಷ್ಟು ಉಸಿರು. ಮಗಳು ಮುಂದಿನ ಸಲ ಕೊಳ್ಳುವಾಗ ಅಂಗಡಿಯವರನ್ನು "ಬೋನೋ, ಸಯನೈಡೋ" ಎಂದು ಕೇಳಲಿ. ಉತ್ತರ ಸಿಗುವ ಸಾಧ್ಯತೆ ಕಡಿಮೆ. ಆದರೂ ಕೇಳುವವರು ಹೆಚ್ಚಾದರೆ ನೂಲಿನ ಗಿರಣಿಗಳು ಬೇಟೆಗಾರರನ್ನು ಕೇಳುತ್ತವೆ. ಪಾಸಮ್ ಎಳೆ ಗಿಡ್ಡ, ಒಳಗೆ ಟೊಳ್ಳು. ಒಂಟಿಯಾಗಿ ನೂಲಲಾಗದ್ದರಿಂದಲೇ ಮೆರಿನೊ ಜತೆ ಬೆರೆಸುತ್ತಾರೆ, ಆ ಟೊಳ್ಳಿನ ಗಾಳಿಯೇ ಅದರ ಬೆಚ್ಚಗೆ. ದಾವಣಗೆರೆಯಲ್ಲಿ ಡಿಸೆಂಬರಿನ ಬೆಳಗಿನ ಜಾವ ಬಿಟ್ಟರೆ ಅದನ್ನು ಕುತ್ತಿಗೆಗೆ ಸುತ್ತಿಕೊಳ್ಳುವ ಕಾಲ ಯಾವುದೆಂಬುದು ಬೇರೆ ಪ್ರಶ್ನೆ.

ಪ್ರಶ್ನೆ: ಅರ್ಥಶಾಸ್ತ್ರ ಪಾಠ ಮಾಡುವವನು ನಾನು. ಪೀಡೆಗೆ ಬೆಲೆ ಕಟ್ಟಿದರೆ ಪೀಡೆ ಮುಗಿಯುವುದಿಲ್ಲ, ಅದನ್ನು ಕಾಪಾಡಿಕೊಳ್ಳುವ ಜನ ಹುಟ್ಟುತ್ತಾರೆ ಎಂದು ನನ್ನ ವಾದ. "ಪೀಡೆಯ ತುಪ್ಪಳ ಕೊಂಡರೆ ಪರಿಸರ ಸೇವೆ" ಎಂಬ ಜಾಹೀರಾತು ಮೋಸವಲ್ಲವೇ?
– ಎಂ. ಟಿ., ಚಿತ್ರದುರ್ಗ

ಉತ್ತರ: ನಿಮ್ಮ ವಾದಕ್ಕೆ ಒಳ್ಳೆಯ ಸಾಕ್ಷಿ ಹನೋಯಿಯಲ್ಲಿದೆ. 1902ರಲ್ಲಿ ಅಲ್ಲಿನ ಫ್ರೆಂಚ್ ಆಡಳಿತ ಇಲಿಯ ಬಾಲ ತಂದವರಿಗೆ ಕಾಸು ಕೊಡತೊಡಗಿತು. ಸ್ವಲ್ಪ ದಿನಕ್ಕೆ ಊರಲ್ಲಿ ಬಾಲವಿಲ್ಲದ ಇಲಿಗಳು ಓಡಾಡತೊಡಗಿದವು. ಬಾಲ ಕತ್ತರಿಸಿ, ಮರಿ ಹಾಕಲಿ ಎಂದು ಬಿಟ್ಟುಬಿಡುತ್ತಿದ್ದರು. ಊರ ಹೊರಗೆ ಇಲಿ ಸಾಕಣೆಯೂ ಶುರುವಾಗಿತ್ತು.

ಆದರೆ ನಿಮ್ಮ ವಾದವನ್ನು ಪೂರ್ತಿ ಒಪ್ಪುವ ಮೊದಲು ಅಮೆರಿಕದ ಲೂಸಿಯಾನವನ್ನೂ ನೋಡಬೇಕು. ನ್ಯೂಟ್ರಿಯಾ ಎಂಬ, ಕಿತ್ತಳೆ ಹಲ್ಲಿನ ದೊಡ್ಡ ದಂಶಕ ದಕ್ಷಿಣ ಅಮೆರಿಕದಿಂದ ತುಪ್ಪಳದ ಸಾಕಣೆಗೆ 1930ರ ದಶಕದಲ್ಲಿ ಅಲ್ಲಿಗೆ ಬಂದು ಜೌಗು ಸೇರಿತು. ಹುಲ್ಲನ್ನು ಮೇಲಿಂದ ಮೇಯುವುದಿಲ್ಲ, ಬುಡವನ್ನೇ ಅಗೆದು ತಿನ್ನುತ್ತದೆ. ಬೇರಿನ ಹಿಡಿತ ಹೋದ ಕೆಸರು ನೀರಿಗೆ ಕರಗಿ ಜೌಗು ಇದ್ದ ಕಡೆ ಬರೀ ನೀರು ನಿಲ್ಲುತ್ತದೆ. 1970ರ ದಶಕದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿ ಚರ್ಮ ಮಾರಾಟವಾಗುತ್ತಿತ್ತು, ಜೌಗು ಹೇಗೋ ತಡೆದುಕೊಂಡಿತ್ತು. 1980ರ ದಶಕದಲ್ಲಿ ತುಪ್ಪಳದ ಬೆಲೆ ಬಿತ್ತು, ಬೇಟೆಗಾರರು ಮನೆ ಸೇರಿದರು, ನ್ಯೂಟ್ರಿಯಾ ಉಕ್ಕಿತು. ಕಡೆಗೆ 2002ರಿಂದ ಸರ್ಕಾರವೇ ಬಾಲಕ್ಕೆ 4 ಡಾಲರ್ ಕೊಡಬೇಕಾಯಿತು. ಆಮೇಲೆ 5, 6 ಡಾಲರ್ ಆಯಿತು. ಬಾಲ 7 ಇಂಚಿಗಿಂತ ಗಿಡ್ಡವಿದ್ದರೆ ಕಾಸಿಲ್ಲ. ಬಾಲ ಕೊಟ್ಟ ಮೇಲೆ ಬಹುಪಾಲು ದೇಹ ಕೆಸರಿಗೇ ಹೋಗುತ್ತದೆ. ಅಂಥ ಕಡೆ ಎಸೆದ ಚರ್ಮವನ್ನು ಎತ್ತಿ ಹದ ಮಾಡಿ ಕೋಟು ಹೊಲಿದರೆ ಒಂದೂ ಹೆಚ್ಚುವರಿ ಪ್ರಾಣಿ ಸಾಯುವುದಿಲ್ಲ. ಅದನ್ನು ಮೋಸ ಎನ್ನಲಾಗದು.

ಮೋಸ ಇರುವುದು "ನೀವು ಕೊಂಡಷ್ಟೂ ಪೀಡೆ ಮುಗಿಯುತ್ತದೆ" ಎಂಬ ಸಾಲಿನಲ್ಲಿ. ವ್ಯಾಪಾರದ ಬೇಟೆ ಎಂದೂ ಕೊನೆಯ ಪ್ರಾಣಿಯವರೆಗೆ ಹೋಗುವುದಿಲ್ಲ. ದಿನಕ್ಕೆ ಐವತ್ತು ಬೋನು ಇಟ್ಟು ಮೂವತ್ತು ಸಿಕ್ಕರೆ ಕಟ್ಟುತ್ತದೆ. ಮೂರು ಸಿಕ್ಕರೆ ಪೆಟ್ರೋಲಿನ ಕಾಸೂ ಹುಟ್ಟದು, ಬೇಟೆಗಾರ ಬೇರೆ ಕಣಿವೆಗೆ ಹೋಗುತ್ತಾನೆ. ಉಳಿದವು ನಿಶ್ಚಿಂತೆಯಿಂದ ಮರಿ ಹಾಕುತ್ತವೆ. ಪಾಸಮ್ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುವುದರಿಂದ ತಡವಾಗುತ್ತದೆ ಅಷ್ಟೆ. ನ್ಯೂಟ್ರಿಯಾ ಸೂಲಿಗೆ ನಾಲ್ಕೈದು, ಅದೂ ಕಾಲದ ಹಂಗಿಲ್ಲದೆ. ಹಿರಿಯೂರು, ಚಳ್ಳಕೆರೆ ಕಡೆ ಬಳ್ಳಾರಿ ಜಾಲಿಯನ್ನು ಇದ್ದಿಲಿಗೆ ಕಡಿಯುವುದನ್ನು ನೀವು ನೋಡಿಯೇ ಇರುತ್ತೀರಿ. ನೆಲಕ್ಕಿಂತ ಒಂದು ಗೇಣು ಮೇಲೆ ಕಡಿಯುತ್ತಾರೆ, ಒಂದಕ್ಕೆ ನಾಲ್ಕು ಚಿಗುರುತ್ತದೆ, ಮೂರು ನಾಲ್ಕು ವರ್ಷಕ್ಕೆ ಮತ್ತೆ ಇದ್ದಿಲು. ಜಾಲಿ ಸಾಯಬೇಕಾದರೆ ಬುಡದ ಗಂಟನ್ನು ನೆಲದೊಳಗಿನಿಂದ ಅಗೆದು ತೆಗೆಯಬೇಕು. ಇದ್ದಿಲು ಸುಡುವವನಿಗೆ ಅದು ಬೇಕಿಲ್ಲ. ನ್ಯೂಜಿಲೆಂಡಿನ ಹಲವು ಬೇಟೆಗಾರರು 1080 ವಿಷವನ್ನು ವಿರೋಧಿಸುವುದರಲ್ಲಿ ಪ್ರಾಣಿದಯೆಯಷ್ಟೇ ಇಲ್ಲ, ಅವರ ಫಸಲೂ ಇದೆ.

ಮುಗಿಸಬೇಕೆಂದವರು ಹೇಗೆ ಕಾಸು ಕೊಟ್ಟರು ಎಂಬುದಕ್ಕೆ ಇಂಗ್ಲೆಂಡಿನ ಉದಾಹರಣೆ ನಿಮ್ಮ ಪಾಠಕ್ಕೇ ಹೇಳಿ ಮಾಡಿಸಿದಂತಿದೆ. ಅಲ್ಲಿಗೂ 1929ರಿಂದ ಸಾಕಣೆಗೆ ಬಂದ ನ್ಯೂಟ್ರಿಯಾ ತಪ್ಪಿಸಿಕೊಂಡು ಪೂರ್ವ ಇಂಗ್ಲೆಂಡಿನ ಕಾಲುವೆ ದಂಡೆಗಳನ್ನು ಕೊರೆದಿತ್ತು. 1981ರಲ್ಲಿ 24 ಜನ ಬೋನುಗಾರರನ್ನು ಸಂಬಳಕ್ಕೆ ಇಟ್ಟುಕೊಂಡರು. ಬಾಲಕ್ಕೆ ಕಾಸಿಲ್ಲ. ಹತ್ತು ವರ್ಷದೊಳಗೆ ಒಂದೂ ಉಳಿಯದಂತೆ ಮಾಡಿದರೆ ವರ್ಷದ ಸಂಬಳದ ಮೂರು ಪಟ್ಟಿನವರೆಗೆ ಇನಾಮು, ತಡವಾದಷ್ಟೂ ಇನಾಮು ಕಡಿಮೆ. 1989ರಲ್ಲಿ ಮುಗಿದೇ ಹೋಯಿತು. ಕೆಲಸ ಕಳೆದುಕೊಳ್ಳುವುದಕ್ಕೇ ಕೂಲಿ ಕೊಟ್ಟರು ನೋಡಿ, ಅದು ಚಾಣಾಕ್ಷತನ.

ಪಾಸಮ್, ನ್ಯೂಟ್ರಿಯಾ, ಮುಂಗುಸಿಯಂತೆ ಕಾಣುವ ಮಿಂಕ್, ಮಸ್ಕ್‌ರ‍್ಯಾಟ್, ಈ ನಾಲ್ಕನ್ನೂ ಅವುಗಳದಲ್ಲದ ನೆಲಕ್ಕೆ ಒಯ್ದದ್ದು ತುಪ್ಪಳದ ವ್ಯಾಪಾರವೇ. ಅದೇ ವ್ಯಾಪಾರ ಈಗ ಪರಿಹಾರವೂ ತಾನೇ ಎಂದು ಬಂದಾಗ ಒಂದು ಹುಬ್ಬು ಏರಿಸುವುದು ಆರೋಗ್ಯಕರ.

ಪ್ರಶ್ನೆ: ಮಸ್ಕ್‌ರ‍್ಯಾಟ್ ಅಂದರೆ ನಮ್ಮ ಮನೆಯ ಸೊಂಡಿಲಿಯೇ? ದೆಹಲಿಯಿಂದ ತಂದ ಹಳೇ ಟೊಪ್ಪಿಗೆಯ ಚೀಟಿಯಲ್ಲಿ ಹಾಗಿದೆ. ನಾತ ಬರುತ್ತಿಲ್ಲವಲ್ಲ!
– ಕೆ. ಆರ್., ಹರಿಹರ

ಉತ್ತರ: ನಮ್ಮ ಕಡೆಯ ಇಂಗ್ಲಿಷಿನಲ್ಲಿ ಸೊಂಡಿಲಿಯನ್ನೂ ಹಾಗೇ ಕರೆಯುವುದರಿಂದ ಆದ ಗೊಂದಲ. ಸೊಂಡಿಲಿ ಇಲಿಯೇ ಅಲ್ಲ, ಹುಳ ಹುಪ್ಪಟೆ ತಿನ್ನುವ ಬೇರೆ ಕುಲ. ಅದರ ಚರ್ಮದಲ್ಲಿ ಟೊಪ್ಪಿಗೆ ಹೊಲಿಯಲು ಹೊರಟವರನ್ನು ನಾವು ಕೇಳಿಲ್ಲ. ನಿಮ್ಮ ಟೊಪ್ಪಿಗೆಯದು ಉತ್ತರ ಅಮೆರಿಕದ ನೀರು ದಂಶಕ. 1905ರಲ್ಲಿ ಪ್ರಾಗ್ ನಗರದ ಹತ್ತಿರದ ಒಬ್ಬ ಜಮೀನ್ದಾರ ಕೆಲವೇ ಜೋಡಿ ತಂದುಬಿಟ್ಟ, ಅಲ್ಲಿಂದ ಯುರೋಪೆಲ್ಲ ಹಬ್ಬಿತು. ಹಲವೆಡೆ ಸಮುದ್ರಮಟ್ಟಕ್ಕಿಂತ ಕೆಳಗಿರುವ ನೆದರ್ಲೆಂಡಿನಲ್ಲಿ ಏರಿಗಳನ್ನು ಕೊರೆಯುತ್ತದೆಂದು ಅದನ್ನು ಹಿಡಿಯಲೆಂದೇ ಸಂಬಳದ ನೌಕರರಿದ್ದಾರೆ. ಸೊಂಡಿಲಿಯೂ ಕಡಿಮೆಯದಲ್ಲ. ಹಡಗು ಹತ್ತಿ ಮಾರಿಷಸ್, ಗುವಾಮ್ ದ್ವೀಪಗಳಿಗೆ ಹೋಗಿ ಅಲ್ಲಿ ಪೀಡೆ ಎನಿಸಿಕೊಂಡಿದೆ.

ಪ್ರಶ್ನೆ: ನಾನು ಚಿತ್ರಕಲೆ ವಿದ್ಯಾರ್ಥಿನಿ. ಜಲವರ್ಣಕ್ಕೆ ಮುಂಗುಸಿ ಕೂದಲಿನ ಬ್ರಷ್ ಚೆನ್ನಾಗಿರುತ್ತದೆಂದು ಸೀನಿಯರ್ ಒಬ್ಬರು ಕೊಟ್ಟಿದ್ದಾರೆ. ಹೊರದೇಶಗಳಲ್ಲಿ ಮುಂಗುಸಿ ಪೀಡೆ ಎಂದು ಓದಿದೆ. ಹಾಗಿದ್ದರೆ ಬಳಸಬಹುದಲ್ಲವೇ?
– ದಾವಣಗೆರೆಯ ವಿದ್ಯಾರ್ಥಿನಿ

ಉತ್ತರ: ಬಳಸಬೇಡಿ. ನೀವು ಓದಿದ್ದು ನಿಜ, ಆದರೆ ನಿಮ್ಮ ಬ್ರಷ್ಷಿನ ಮುಂಗುಸಿ ಆ ಮುಂಗುಸಿಯಲ್ಲ. ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು ನಮ್ಮ ದೇಶದ ಸಣ್ಣ ಮುಂಗುಸಿಯನ್ನು 1872ರಲ್ಲಿ ಜಮೈಕಾಗೆ, ಅಲ್ಲಿಂದ 1883ರಲ್ಲಿ ಹವಾಯಿಗೆ ಒಯ್ದರು. ಇಲಿ ರಾತ್ರಿ ಓಡಾಡುವುದು, ಮುಂಗುಸಿ ಹಗಲು. ಅದು ಇಲಿ ಬಿಟ್ಟು ನೆಲದ ಹಕ್ಕಿಗಳ ಮೊಟ್ಟೆಗೆ ಬಾಯಿ ಹಾಕಿತು. ಜಪಾನಿನವರು 1979ರಲ್ಲಿ ಹಾಬು ಎಂಬ ವಿಷದ ಹಾವನ್ನು ಮುಗಿಸಲೆಂದು ಅಮಾಮಿ ಒಶಿಮಾ ದ್ವೀಪದಲ್ಲಿ ಸುಮಾರು 30 ಮುಂಗುಸಿ ಬಿಟ್ಟು ಇದೇ ತಪ್ಪು ಮಾಡಿದರು. ಆ ಹಾವೂ ರಾತ್ರಿಯದೇ. ಅಲ್ಲಿ ಮತ್ತು ಪಕ್ಕದ ಟೊಕುನೊಶಿಮಾ ದ್ವೀಪದಲ್ಲಿ ಬಿಟ್ಟರೆ ಎಲ್ಲೂ ಇಲ್ಲದ ಕಪ್ಪು ಮೊಲವನ್ನು ತಿನ್ನತೊಡಗಿದ ಮುಂಗುಸಿಗಳನ್ನು ಹಿಡಿದು ಹಿಡಿದು 2024ರಲ್ಲಿ, ಇನ್ನು ಒಂದೂ ಇಲ್ಲವೆಂದು ಘೋಷಿಸಿದರು.

ಇಲ್ಲಿನ ಬ್ರಷ್ಷಿನ ಕೂದಲು ಮಾತ್ರ ಇಲ್ಲಿನ ಹೊಲ, ಬೇಲಿಗಳ ಮುಂಗುಸಿಯದು. ಒಂದು ಕಿಲೋ ಕೂದಲಿಗೆ ಐವತ್ತರಷ್ಟು ಮುಂಗುಸಿ ಸಾಯುತ್ತವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಮಾರುವುದು ಜೈಲು ಶಿಕ್ಷೆಯ ಅಪರಾಧ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ದಳ ದೇಶದ ಹಲವೆಡೆ ಇಂಥ ಬ್ರಷ್ ಕಾರ್ಖಾನೆಗಳ ಮೇಲೆಯೇ ದಾಳಿ ಮಾಡಿತ್ತು.

ಗುರುತು ಹಿಡಿಯುವುದು ಹೀಗೆ: ಭೂತಗನ್ನಡಿಯಲ್ಲಿ ಒಂದೇ ಕೂದಲನ್ನು ನೋಡಿ. ತುದಿ ಗಾಢ ಕಂದು, ನಡುವೆ ಕೆನೆ ಬಣ್ಣ, ಬುಡ ಮತ್ತೆ ಕಂದು. ನೈಲಾನ್ ಎಳೆಗೂ ಈ ಬಣ್ಣ ಹಾಕಿ ಮಾರುತ್ತಾರಾದ್ದರಿಂದ ಒಂದೆಳೆ ಕಿತ್ತು ಕಡ್ಡಿ ಗೀರಿ ಹಿಡಿಯಿರಿ. ಕೂದಲು ಸುಟ್ಟ ನಾತ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ನಿಜವಾದದ್ದು. ಕರಗಿ ಗಟ್ಟಿ ಗುಂಡಾದರೆ ನೈಲಾನ್, ಅದನ್ನು ನಿಶ್ಚಿಂತೆಯಿಂದ ಬಳಸಿ. ನಿಜವಾದದ್ದಾದರೆ ಇನ್ನೊಬ್ಬರಿಗೆ ದಾಟಿಸಬೇಡಿ, ಅರಣ್ಯ ಇಲಾಖೆ ಕಚೇರಿಗೆ ಕೊಟ್ಟುಬಿಡಿ. ನೀರು ಹಿಡಿಯುವ ಅಗಲ ವಾಶ್‌ಗೆ ಮೇಕೆ ಕೂದಲಿನ ಬ್ರಷ್, ಚೂಪು ಗೆರೆಗೆ ಒಳ್ಳೆಯ ಸಿಂಥೆಟಿಕ್ ಸಾಕು. ಸಿಂಥೆಟಿಕ್‌ನ ತುದಿ ಬಿಸಿನೀರಿಗೆ ಸೊಟ್ಟಗಾಗುತ್ತದೆ, ತಣ್ಣೀರಲ್ಲೇ ತೊಳೆಯಿರಿ.

ಪ್ರಶ್ನೆ: ಮೆಕ್ಕೆಜೋಳಕ್ಕೆ ಕಾಡುಹಂದಿ ಕಾಟ ತಡೆಯಾಕೆ ಆಗ್ತಿಲ್ಲ. ಹಂದಿ ಕೂದಲಿಗೆ ಬ್ರಷ್ ಕಂಪನಿಯೋರು ರೇಟು ಕೊಡ್ತಾರಂತೆ. ಪೀಡೇನೂ ಹೋತು, ದುಡ್ಡೂ ಬಂತು, ತಪ್ಪೇನ್ರಿ?
– ಜಗಳೂರು ತಾಲ್ಲೂಕಿನ ರೈತರೊಬ್ಬರು

ಉತ್ತರ: ತಪ್ಪೇನೆಂದರೆ ಅದು ನಿಮ್ಮದಲ್ಲ. ಕಾಡುಹಂದಿ ಇಲ್ಲಿಯದೇ ಪ್ರಾಣಿ, ಕಾಯ್ದೆಯ ಪಟ್ಟಿಯಲ್ಲಿದೆ. ಪ್ರಾಣರಕ್ಷಣೆಗೆ ಕೊಂದರೂ ಆ ದೇಹ, ಕೂದಲು, ಕೋರೆ ಎಲ್ಲ ಸರ್ಕಾರದ ಸ್ವತ್ತು. 62ನೇ ಸೆಕ್ಷನ್ನಿನಡಿ ಕೇಂದ್ರ ಸರ್ಕಾರ ಒಂದು ಜಾಗಕ್ಕೆ, ಇಷ್ಟು ಕಾಲಕ್ಕೆ ಎಂದು ಪೀಡೆ ಘೋಷಿಸಬಹುದು. 2015–16ರಲ್ಲಿ ಬಿಹಾರ, ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ ಕಾಡುಹಂದಿಗೆ ಹಾಗೆ ಮಾಡಿದ್ದರು. ಅಂಥ ಘೋಷಣೆ ಇಲ್ಲದ ಕಡೆ ಬ್ರಷ್ ಕಂಪನಿಯವರು ಕೇಸಿಗೆ ಬರುವುದಿಲ್ಲ, ನೀವು ಒಬ್ಬರೇ ಸಿಕ್ಕಿಬೀಳುತ್ತೀರಿ. ಬಣ್ಣ ಬಳಿಯುವ ಬ್ರಷ್ಷಿನ ಬಿರುಗೂದಲು ಸಾಕುಹಂದಿಯದು, ಅದಕ್ಕೆ ಕಾಡುಹಂದಿ ಬೇಕಾಗಿಯೂ ಇಲ್ಲ.

ಬೆಳೆ ಹೋದದ್ದಕ್ಕೆ ಕೂಡಲೇ ಫೋಟೊ ತೆಗೆದು, ಪಹಣಿ ಜತೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಸೋಲಾರ್ ಬೇಲಿ ಹಾಕಿಯೂ ಹಂದಿ ನುಗ್ಗುತ್ತಿದೆ ಎನ್ನುವವರ ಹೊಲದಲ್ಲಿ ತಪ್ಪು ಸಾಮಾನ್ಯವಾಗಿ ಎರಡೇ. ಕೆಳಗಿನ ತಂತಿ ನೆಲದಿಂದ ಒಂದಡಿ ಮೇಲಿರುತ್ತದೆ. ಹಂದಿ ಸಾಮಾನ್ಯವಾಗಿ ಹಾರುವುದಿಲ್ಲ, ಮೂತಿ ತೂರಿಸಿ ನುಸುಳುತ್ತದೆ. ಅದು 15–20 ಸೆಂ.ಮೀ. ಎತ್ತರದಲ್ಲೇ ಇರಬೇಕು, ಮೂತಿಗೆ ತಾಗಬೇಕು. ಎರಡನೆಯದು ಅರ್ಥಿಂಗ್. ಬೇಸಿಗೆಯಲ್ಲಿ ಕಾದ ಒಣ ನೆಲದಲ್ಲಿ ಕರೆಂಟಿಗೆ ವಾಪಸು ದಾರಿಯೇ ಇರುವುದಿಲ್ಲ, ಹಂದಿಗೆ ಚುರುಕೂ ಅನ್ನುವುದಿಲ್ಲ. ಎರಡು ಮೂರು ಸರಳುಗಳನ್ನು ದೂರ ದೂರ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ವಾರಕ್ಕೊಮ್ಮೆ ನೀರು ಹಾಕಿ. ತಂತಿಗೆ ತಾಗುವ ಹುಲ್ಲು ಕೊಯ್ಯುತ್ತಿರಿ. ಪಂಪ್‌ಸೆಟ್ಟಿನ ಕರೆಂಟನ್ನು ನೇರ ಬೇಲಿಗೆ ಬಿಡುವ ಯೋಚನೆ ಮಾತ್ರ ಬೇಡ. ಅದರಲ್ಲಿ ಹಂದಿಗಿಂತ ಮೊದಲು ಮನುಷ್ಯರು, ದನಗಳು ಸಾಯುತ್ತವೆ, ಕ್ರಿಮಿನಲ್ ಕೇಸಾಗುತ್ತದೆ.

ಪ್ರಶ್ನೆ: ಮಗನಿಗೆ ಆನ್‌ಲೈನಲ್ಲಿ ತರಿಸಿದ ಜಾಕೆಟ್ಟಿನ ಟೋಪಿಗೆ ತುಪ್ಪಳದ ಅಂಚಿದೆ. "ಫಾಕ್ಸ್ ಫರ್" ಎಂದಿದ್ದಾರೆ. ನರಿಯದೋ, ನಕಲಿಯೋ? ಮಿಂಕ್ ಕೂಡ ಪೀಡೆ ಪ್ರಾಣಿಯೇ, ಅದರ ಕೋಟು ಹಾಕಿದರೆ ತಪ್ಪಿಲ್ಲ ಎಂಬ ಮಾತು ನಿಜವೇ?
– ವಿ. ಎಚ್., ಹೊಳಲ್ಕೆರೆ

ಉತ್ತರ: ನಕಲಿ ಎನ್ನುವ ಫ್ರೆಂಚ್ ಮಾತಿನ (faux) ಉಚ್ಚಾರ "ಫೋ". ಕನ್ನಡದಲ್ಲಿ ಬರೆದಾಗ ನರಿಯ ಫಾಕ್ಸ್ ಆಗಿ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಆದರೆ ಚೀಟಿಯನ್ನೇ ನಂಬಬೇಡಿ, ಏಕೆಂದರೆ ಸಾಕಿದ ಮೊಲದ ತುಪ್ಪಳ ಎಷ್ಟೋ ಸಲ ಒಳ್ಳೆಯ ಅಕ್ರಿಲಿಕ್‌ಗಿಂತ ಅಗ್ಗ. ಕೂದಲನ್ನು ಬೈತಲೆ ತೆಗೆದಂತೆ ಎರಡು ಕಡೆ ಸರಿಸಿ ಬುಡ ನೋಡಿ. ನೇಯ್ದ ಬಟ್ಟೆಯ ಕಣ್ಣುಗಳು ಕಂಡರೆ ನಕಲಿ, ಚರ್ಮ ಕಂಡರೆ ಅಸಲಿ. ಬುಡ ಅಂಟಿನಲ್ಲಿ ಮುಚ್ಚಿದ್ದರೆ ಒಂದು ಸೂಜಿ ಚುಚ್ಚಿ: ಬಟ್ಟೆಯಲ್ಲಿ ಸರಾಗ ಹೋಗುತ್ತದೆ, ಚರ್ಮ ತಡೆಯುತ್ತದೆ. ಅಸಲಿ ಕೂದಲಿನ ತುದಿ ಬೆಕ್ಕಿನ ಮೀಸೆಯಂತೆ ಸಣ್ಣಗಾಗುತ್ತ ಹೋಗುತ್ತದೆ, ನಕಲಿಯದು ಕತ್ತರಿಸಿದಂತಿರುತ್ತದೆ. ಅನುಮಾನ ಉಳಿದರೆ ಮೇಲೆ ಹೇಳಿದ ಸುಡುವ ಪರೀಕ್ಷೆ, ಜಾಕೆಟ್ಟಿನಿಂದ ದೂರ. ನಕಲಿಯಲ್ಲಿ ಪ್ರಾಣಿ ಸಾಯುವುದಿಲ್ಲ ನಿಜ, ಆದರೆ ತೊಳೆದಾಗಲೆಲ್ಲ ಪ್ಲಾಸ್ಟಿಕ್ ಎಳೆಗಳು ಉದುರಿ ಚರಂಡಿ ಸೇರುತ್ತವೆ. ತೊಳೆಯುವುದು ಕಡಿಮೆ ಮಾಡಿ.

ಮಿಂಕ್ ವಿಷಯದಲ್ಲಿ ಅರ್ಧ ನಿಜ ಹೇಳಿ ಪೂರ್ತಿ ಕೋಟು ಮಾರುತ್ತಾರೆ. ಅಮೆರಿಕದ ಮಿಂಕ್ ಯುರೋಪಿನ ಸಾಕಣೆ ಪಂಜರಗಳಿಂದ ತಪ್ಪಿಸಿಕೊಂಡು ಪೀಡೆಯಾಗಿದೆ, ಬ್ರಿಟನ್ನಿನ ನೀರಿಲಿಗಳು ಬಹುಮಟ್ಟಿಗೆ ಅದರಿಂದಾಗಿ ತೀರಾ ಕಡಿಮೆಯಾಗಿವೆ. ಆದರೆ ಅಂಗಡಿಗೆ ಬರುವ ಕೋಟು ಆ ಕಾಡು ಮಿಂಕಿನದಲ್ಲ, ಪಂಜರದ್ದು. ಇಂಗ್ಲೆಂಡ್, ವೇಲ್ಸ್‌ಗಳು 2000ದಲ್ಲೇ ತುಪ್ಪಳ ಸಾಕಣೆ ನಿಷೇಧಿಸಿ ಕಾಯ್ದೆ ಮಾಡಿದವು. 2020ರಲ್ಲಿ ಪಂಜರಗಳಲ್ಲಿ ಕೊರೊನಾ ಹರಡಿದಾಗ ಡೆನ್ಮಾರ್ಕ್ ಒಂದೂವರೆ ಕೋಟಿಗೂ ಹೆಚ್ಚು ಮಿಂಕ್‌ಗಳನ್ನು ಕೊಲ್ಲಬೇಕಾಯಿತು. ಭಾರತ 2017ರ ಜನವರಿಯಲ್ಲೇ ಮಿಂಕ್, ನರಿ, ಚಿಂಚಿಲ್ಲಾ ತುಪ್ಪಳದ ಆಮದು ನಿಲ್ಲಿಸಿದೆ. ಪಂಜರದ ಮಿಂಕಿಗೆ "ಪೀಡೆ" ಎಂಬ ನೆಪ ಕೊಡುವವರ ಜತೆ ವಾದಕ್ಕೆ ಇಳಿಯಬೇಡಿ, ಎದ್ದು ಬನ್ನಿ.

ಪ್ರಶ್ನೆ: ಚಳ್ಳಕೆರೆ ಕಂಬಳಿ, ಜತೆಗೊಂದು ಪಾಸಮ್ ಸ್ವೆಟರ್, ಎರಡಕ್ಕೂ ಹುಳ ಬಿದ್ದು ತೂತಾಗಿವೆ. ನುಸಿಗುಳಿಗೆ ಹಾಕಿಯೇ ಇಟ್ಟಿದ್ದೆ. ಏನು ಮಾಡಲಿ?
– ಪಿ. ಎಸ್., ಚಿತ್ರದುರ್ಗ

ಉತ್ತರ: ಬೀರುವಿನ ಹಿಂದಿನ ಗೋಡೆ ನೋಡಿ. ಸಿಮೆಂಟ್ ಬಣ್ಣದ, ಸೌತೆಬೀಜದ ಆಕಾರದ, ಒಂದು ಸೆಂಟಿಮೀಟರಿನ ಚಪ್ಪಟೆ ಗೂಡು ತೂಗುತ್ತಿದ್ದರೆ, ಅದರ ಎರಡೂ ತುದಿಯಿಂದ ಆಗಾಗ ಕಂದು ತಲೆ ಹೊರಬರುತ್ತಿದ್ದರೆ, ಕಳ್ಳ ಸಿಕ್ಕಂತೆ. ಜೇಡರ ಬಲೆ, ಉದುರಿದ ಕೂದಲು, ಉಣ್ಣೆ ಅದರ ಊಟ. ಬೆವರು, ಸಾರಿನ ಕಲೆ ಇರುವ ಜಾಗವನ್ನೇ ಮೊದಲು ಕಡಿಯುತ್ತದೆ. ನುಸಿಗುಳಿಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ತುಂಬಿದರಷ್ಟೇ ಕೆಲಸ ಮಾಡುತ್ತದೆ, ದಿನಕ್ಕೆ ನಾಲ್ಕು ಸಲ ತೆಗೆಯುವ ಬೀರುವಿನಲ್ಲಿ ಬರೀ ವಾಸನೆ. ಎಳೆ ಮಕ್ಕಳ ಬಟ್ಟೆಯ ಹತ್ತಿರ ಅದನ್ನು ಇಡಲೇಬೇಡಿ, ಕೆಲವು ಶಿಶುಗಳಲ್ಲಿ ರಕ್ತಕಣ ಒಡೆದು ಕಾಮಾಲೆಯಾಗುತ್ತದೆ.

ಸ್ವೆಟರನ್ನು ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ (ಮೈನಸ್ 18 ಡಿಗ್ರಿ) ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಿ, ಇಲ್ಲದಿದ್ದರೆ ತೇವ ಕೂರುತ್ತದೆ. ಕಂಬಳಿ ಫ್ರೀಜರಿಗೆ ಹಿಡಿಸದು. ಏಪ್ರಿಲ್ ಮಧ್ಯಾಹ್ನ ಕಪ್ಪು ಕವರಿನಲ್ಲಿ ಹಾಕಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗಾಜು ಏರಿಸಿ ಎರಡು ಮೂರು ಗಂಟೆ ಇಟ್ಟರೆ ಒಳಗೆ 50 ಡಿಗ್ರಿ ದಾಟಿ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಕಂಬಳಿ ದಪ್ಪ, ನಡುವೆ ಒಮ್ಮೆ ಮಡಿಕೆ ಬದಲಿಸಿ.

ಸ್ವೆಟರ್ ತೊಳೆಯಲು ಮಾಮೂಲಿ ಡಿಟರ್ಜೆಂಟ್ ಬೇಡ. ಹಾಲು, ಮೊಟ್ಟೆಯಂಥ ಕಲೆ ಕರಗಿಸುವ ಎನ್‌ಜೈಮ್ ಉಣ್ಣೆಯನ್ನೂ ಕೆಡಿಸುತ್ತದೆ. ನಾಲ್ಕೈದು ಅಂಟುವಾಳಕಾಯಿ ರಾತ್ರಿ ನೆನೆಸಿ ಕಿವುಚಿದ ನೀರು ಸಾಕು. ತಿಳಿ ಬಣ್ಣದ್ದಾದರೆ ಕೊಂಚ ಕಂದು ಹಿಡಿಯಬಹುದು, ಅದಕ್ಕೆ ಶಾಂಪೂ ವಾಸಿ. ನೀರು ತಣ್ಣಗಿರಲಿ. ಉಜ್ಜಬೇಡಿ, ಅದ್ದಿ ಅದುಮಿ ತೆಗೆಯಿರಿ. ಬಿಸಿನೀರಲ್ಲಿ ಉಜ್ಜಿದರೆ ಮೆರಿನೊ ಎಳೆಗಳ ಹೊರಪೊರೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸ್ವೆಟರ್ ಮಗುವಿನ ಅಳತೆಗೆ ಬರುತ್ತದೆ. ಟವೆಲ್ಲಿನಲ್ಲಿ ಸುರುಳಿ ಸುತ್ತಿ ನೀರು ಹೀರಿಸಿ, ನೆರಳಲ್ಲಿ ಮಲಗಿಸಿ ಒಣಗಿಸಿ. ತಂತಿಗೆ ತೂಗಿದರೆ ತೋಳು ಮೊಣಕಾಲಿಗೆ ಬರುತ್ತದೆ. ಕಂಬಳಿಯನ್ನು ಮಾತ್ರ ನೀರಿಗೆ ಹಾಕಬೇಡಿ. ನೇಕಾರರು ಹಾಕಿದ ಹುಣಸೆಬೀಜದ ಗಂಜಿ ಬಿಟ್ಟು ಅದು ಜೋತುಬೀಳುತ್ತದೆ. ಕೊಡವಿ, ಬಿಸಿಲಿಗೆ ಹಾಕಿ, ಆ ಗಂಜಿಗೆ ಜಿರಲೆ ಬರುವುದರಿಂದ ಅಡುಗೆಮನೆಯ ಅಟ್ಟ ಬಿಟ್ಟು ಬೇರೆಲ್ಲಾದರೂ ಇಡಿ.